ಅಕ್ಕನ ಸೆಕೆ

ನಮ್ಮ ಕಡೆ ಬೇಸಿಗೆಯಲ್ಲಿ ಯಾರಾದರೂ ಸೆಕೆ ಎಂದರೆ ಉಳಿದವರು ನಗುತ್ತಾರೆ. ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರೋ ‘ಯವ್ವಾ, ಏನ್ ಸೆಕಿ’ ಅಂದರೆ ಪಕ್ಕದವರು, ಸೂರ್ಯಪ್ಪ ನಮ್ಮೂರಾಗೇ ಬಾಡಿಗಿ ಮನಿ ಹಿಡಿದಾನ, ಹೊಸದಾಗಿ ಬಂದೀರೇನ್ರಿ ಎಂದು ಚೇಷ್ಟೆ ಮಾಡುತ್ತಾರೆ. ಅದಕ್ಕೇ ನಮ್ಮ ಅಕ್ಕ ಸೆಕೆ ಎಂದಾಗ ಅದು ಡಾಕ್ಟರಿಗೆ ಹೇಳುವ ಮಾತು ಎಂದು ಯಾರಿಗೂ ಅನಿಸಲಿಲ್ಲ. ಅಕ್ಕ ಹೋಗಿ ಇದು ಎರಡನೇ ಬೇಸಿಗೆ. ಈಗ ಬಸ್ಸಿನಲ್ಲಿ ಯಾವ ಹೆಂಗಸು ಸೆರಗಿನಿಂದ ಗಾಳಿ ಬೀಸಿಕೊಂಡರೂ ನಾನು ಟಿಕೆಟ್ ಕೊಡುವುದನ್ನು ಬಿಟ್ಟು ಒಂದು ಗಳಿಗೆ ಅವಳ ಮುಖ ನೋಡುತ್ತೇನೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್, ಅಫಜಲಪುರ ಡಿಪೋ. ನನ್ನ ಬಾಯಿ ದೊಡ್ಡದು ಎಂದು ಡಿಪೋದಲ್ಲಿ ಹೆಸರಾಗಿದೆ. ಆಗಲಿ. ಸಣ್ಣ ಬಾಯಿಯ ಹೆಂಗಸು ಹುಣ್ಣಿಮೆಯ ದಿನ ಗಾಣಗಾಪುರದ ಗದ್ದಲದಲ್ಲಿ ಎಲ್ಲರಿಗೂ ಟಿಕೆಟ್ ಕೊಟ್ಟು ಇಳಿದು ತೋರಿಸಲಿ, ನಾನು ನೌಕರಿ ಬಿಡುತ್ತೇನೆ. ನಮ್ಮ ತವರು ಆಳಂದ. ಅವ್ವ ಬೇಗ ತೀರಿಕೊಂಡಳು. ನನಗೆ ಜಡೆ ಹಾಕಿ, ಬುತ್ತಿ ಕಟ್ಟಿ, ಎಸ್ಸೆಸ್ಸೆಲ್ಸಿ ಫೇಲಾದಾಗ ಅಪ್ಪನ ಏಟಿಗೆ ಅಡ್ಡ ನಿಂತು ಮತ್ತೆ ಪರೀಕ್ಷೆಗೆ ಕೂರಿಸಿದವಳು ಅಕ್ಕ. ನನಗಿಂತ ಬಹಳ ದೊಡ್ಡವಳೇನಲ್ಲ. ಆದರೂ ನನಗೆ ತಾಯಿ ಅಂದರೆ ಅವಳೇ.

ಅವಳನ್ನು ಜೇವರ್ಗಿಗೆ ಕೊಟ್ಟಿದ್ದರು. ಅವಳ ಗಂಡ, ನಾನು ಮಾಮಾ ಅನ್ನುವವರು, ತೊಗರಿ ಬೇಳೆ ಮಿಲ್ಲಿನಲ್ಲಿ ಹಮಾಲಿ. ಮಾತು ಕಡಿಮೆ, ಮನುಷ್ಯ ಬಂಗಾರ. ಮಕ್ಕಳಾಗಲಿಲ್ಲ. ಅಕ್ಕ ಮನೆಯಲ್ಲೇ ಒಲೆ ಹಚ್ಚಿ ಜೋಳದ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದಳು. ಅವಳ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಆಚೆ ಕಡೆ ಕಾಣಬೇಕು, ಅಷ್ಟು ತೆಳು. ಕೆಲಸ ನಡೆಯುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದೋ ಮದುವೆ ಹಾಡು, ಇಲ್ಲಾ ಯಾರದ್ದೋ ಅಣಕ. ಆಳಂದದ ನಮ್ಮ ಓಣಿಯಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರು ಯಾವಾಗ ಯಾರ ಮನೆಯಲ್ಲಿ ಊಟ ಬಿಟ್ಟು ಎದ್ದು ಹೋದರು, ಎಲ್ಲಾ ಅವಳ ತಲೆಯಲ್ಲಿತ್ತು. ನಾನು ಮರೆತದ್ದನ್ನೆಲ್ಲ ಅವಳನ್ನೇ ಕೇಳುತ್ತಿದ್ದೆ.

ನಲವತ್ತು ತುಂಬುವ ಮೊದಲೇ ಅವಳ ಎದೆಯಲ್ಲಿ ಗಂಟು ಸಿಕ್ಕಿತು. ಕಲಬುರಗಿಯ ದವಾಖಾನೆಯಲ್ಲಿ ಒಂದು ಮೊಲೆ ತೆಗೆದರು. ಕೂದಲು ಉದುರಿಸುವ ಸಲೈನುಗಳನ್ನೂ ಹಾಕಿದರು. ಅದೆಲ್ಲವನ್ನೂ ಅಕ್ಕ ಗಟ್ಟಿಯಾಗಿ ದಾಟಿದಳು. ಬೋಳು ತಲೆಗೆ ಸೆರಗು ಹೊದ್ದುಕೊಂಡು, ಈಗ ನನಗ ಹೇನಿನ ಕಾಟ ಇಲ್ಲ ನೋಡು ಎಂದು ನನ್ನನ್ನೇ ನಗಿಸಿದಳು. ಕೊನೆಗೆ ಡಾಕ್ಟರಮ್ಮ ಒಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ದಿನಕ್ಕೊಂದು, ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಇಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಗುಳಿಗೆಯೇ ಎಂದು ನಾನೇ ಕೇಳಿದೆ.

ಆ ಡಾಕ್ಟರಮ್ಮ ನಮ್ಮ ಕಡೆಯವರೇ. ಕೂರಿಸಿಕೊಂಡು ತಿಳಿಸಿ ಹೇಳಿದರು. ಹೆಂಗಸರ ಅಂಡಾಶಯದಿಂದ ಈಸ್ಟ್ರೋಜನ್ ಎಂಬ ಹಾರ್ಮೋನು ಹುಟ್ಟಿ ರಕ್ತದಲ್ಲಿ ಮೈತುಂಬ ಓಡಾಡುತ್ತದೆ. ಮೊಲೆ ಬೆಳೆಸುವುದು ಅದೇ, ತಿಂಗಳು ತಿಂಗಳು ಗರ್ಭಚೀಲದ ಒಳಪದರ ದಪ್ಪ ಮಾಡುವುದೂ ಅದೇ. ಎಲುಬಿಗೂ ಬೇಕು, ತಲೆಗೂ ಬೇಕು. ಆಯಾ ಜಾಗದಲ್ಲಿ ಅದಕ್ಕೆಂದೇ ಕೂರುವ ತಾವು ಇರುತ್ತವೆ. ಅಲ್ಲಿ ಹೋಗಿ ಕೂತರಷ್ಟೇ ಅದರ ಮಾತು ನಡೆಯುತ್ತದೆ. ಅಕ್ಕನ ಗಂಟು ಅದೇ ಹಾರ್ಮೋನು ಉಂಡು ಬೆಳೆಯುವ ಜಾತಿಯದು. ಕಣ್ಣಿಗೆ ಕಾಣದ ಬೀಜ ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಅನ್ನ ಸಿಗಬಾರದು. ಇಷ್ಟು ಹೇಳಿ, ನನ್ನ ಖಾಕಿ ಅಂಗಿ ನೋಡಿ ನಕ್ಕು ಅವರು ಕೇಳಿದರು:

“ನಿಮ್ಮ ಬಸ್ಸಿನ್ಯಾಗ ಕಿಟಕಿಯಿಂದ ದಸ್ತಿ ಒಗದು ಸೀಟು ಹಿಡೀತಾರಲ್ರಿ? ಈ ಗುಳಿಗಿ ಅಂದ್ರ ಆ ದಸ್ತಿ ಇದ್ದಂಗ. ಹಾರ್ಮೋನ್ ಬರ್ತದ, ಸೀಟಿನ ಮ್ಯಾಲೆ ದಸ್ತಿ ನೋಡ್ತದ, ನಿಂತು ನಿಂತು ಇಳಿದು ಹೋಗ್ತದ.”

ದಸ್ತಿಯ ಜಗಳ ನನ್ನ ದಿನದ ಪಾಡು. ಕರವಸ್ತ್ರ, ಟವೆಲ್ಲು, ಒಮ್ಮೊಮ್ಮೆ ಮಗುವಿನ ಕುಲಾಯಿ, ಕೈಗೆ ಸಿಕ್ಕಿದ್ದನ್ನು ಒಗೆದು ಸೀಟು ನಮ್ಮದು ಅನ್ನುತ್ತಾರೆ. ಎಷ್ಟು ಬೈದರೂ ಆ ಪದ್ಧತಿ ಹೋಗಿಲ್ಲ, ದಸ್ತಿ ಇದ್ದ ಸೀಟಿನಲ್ಲಿ ಕೂರುವ ಧೈರ್ಯ ಯಾರಿಗೂ ಬಂದಿಲ್ಲ. ಹೀಗಾಗಿ ಅವರ ಮಾತು ನನ್ನ ತಲೆಗೆ ಸರಕ್ಕನೆ ಇಳಿಯಿತು. ಗರ್ಭಚೀಲದಲ್ಲಿ ಮಾತ್ರ ಈ ದಸ್ತಿ ತಾನೇ ಸ್ವಲ್ಪ ಪ್ಯಾಸೆಂಜರಿನಂತೆ ನಡೆದುಕೊಳ್ಳುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಂಡರೆ ಬಂದು ತೋರಿಸಬೇಕು ಎಂದರು. ತಲೆಯಲ್ಲಿ ಮೈಯ ಬಿಸಿ ಕಾಯುವ ಒಂದು ಜಾಗ ಇದೆ, ಹಾರ್ಮೋನಿನ ಮಾತು ತಲುಪದಿದ್ದರೆ ಅದು ದಿಕ್ಕುತಪ್ಪುತ್ತದೆ, ಮೈ ಕಾದಿಲ್ಲದಿದ್ದರೂ ಕಾದಿದೆ ಎಂದು ಬೆವರು ಬಿಡಿಸುತ್ತದೆ, ನಿದ್ದೆ ಕೆಡಬಹುದು, ಮರೆವು ಬರಬಹುದು, ಸಿಟ್ಟು ಬರಬಹುದು ಎಂದರು. ಅಂಜಬೇಡಿ, ಸೆಕೆ ಆಗುತ್ತಿದ್ದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ, ತೀರಾ ತಾಳಲಾಗದಿದ್ದರೆ ನನಗೆ ಹೇಳಿ, ಅದಕ್ಕೂ ಮದ್ದಿದೆ. ಇದನ್ನೂ ಹೇಳಿದ್ದರು. ಆ ಕೊನೆಯ ಮಾತು ಅಕ್ಕ, ಮಾಮಾ, ನಾನು, ಅಲ್ಲಿ ಕೂತಿದ್ದ ಮೂವರಲ್ಲಿ ಒಬ್ಬರಿಗೂ ನೆನಪಿನಲ್ಲಿ ಉಳಿಯಲಿಲ್ಲ.

ಮೊದಲ ಚಳಿಗಾಲದಲ್ಲೇ ಗುಳಿಗೆ ತನ್ನ ಗುಣ ತೋರಿಸಿತು. ಎಳ್ಳಮಾವಾಸ್ಯೆಯ ಹೊತ್ತು. ಊರೆಲ್ಲ ಚಾದರ ಹೊದ್ದು ಕೂತಿದ್ದರೆ ಅಕ್ಕ ಹೊಸ್ತಿಲ ಮೇಲೆ ಗಾಳಿಗೆ ಎದೆಯೊಡ್ಡಿ ಕೂತಿರುತ್ತಿದ್ದಳು. ಕುತ್ತಿಗೆಯಿಂದ ಕೆಂಪು ಏರುತ್ತಿತ್ತು, ಮುಖದ ತುಂಬ ಬೆವರು. ಸ್ವಲ್ಪ ಹೊತ್ತಿಗೆ ಅದು ಇಳಿದು ಮೈ ತಣ್ಣಗಾಗಿ ನಡುಗುವಳು. ಮುಟ್ಟು ನಿಂತುಹೋಯಿತು. ನಿದ್ದೆ ಹೋಯಿತು. ಒಂದು ಖಾನಾವಳಿಯ ರೊಟ್ಟಿ ಇನ್ನೊಂದಕ್ಕೆ ಕೊಟ್ಟು ಮಾತು ಕೇಳಿಸಿಕೊಂಡಳು. ಹಾಡಿನ ನಡುವೆ ಮುಂದಿನ ಸಾಲು ಬಾರದೆ ಹಿಟ್ಟಿನ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಗಂಡನಿಗೆ ಎಂದೂ ಏರಿದ ದನಿಯಲ್ಲಿ ಮಾತಾಡದವಳು, ನೀರಿನ ಕೊಡ ತಪ್ಪು ಕಡೆ ಇಟ್ಟರು ಎಂದು ಕೂಗಾಡಿ, ಆಮೇಲೆ ತಾನೇ ಅಳುವಳು. ಮಾಮಾ ನನಗೆ ಫೋನು ಮಾಡಿ, ನಿಮ್ಮ ಅಕ್ಕ ನಿಮ್ಮಂಗ ಆಗ್ಯಾಳ್ರಿ ಎಂದರು. ಪಾಪ, ಅವರು ಚೇಷ್ಟೆ ಮಾಡಿದ್ದು ಅದೊಂದೇ ಸಲ.

ಎಲ್ಲರೂ ಒಂದೇ ಮಾತು ಹೇಳಿದೆವು. ಗುಳಿಗೆ ಉಷ್ಣ. ಪಕ್ಕದ ಮನೆಯ ಆಪಾ, ಅಕ್ಕನ ಜೀವದ ಗೆಳತಿ, ದವಾ ಬಹುತ್ ಗರಮ್ ಹೈ ಎಂದು ಕಾಮಕಸ್ತೂರಿ ಬೀಜ ನೆನೆಸಿ ತಂದುಕೊಟ್ಟಳು. ನಾನು ಮಜ್ಜಿಗೆ ಕುಡಿ ಎಂದೆ, ಗುಲ್ಕಂದ್ ತಂದೆ. ಮೈಯಲ್ಲಿ ಉಷ್ಣ ಇಲ್ಲ, ತಲೆ ತಪ್ಪು ತಿಳಿಯುತ್ತಿದೆ ಎಂದು ಡಾಕ್ಟರಮ್ಮ ಹೇಳಿದ್ದು ನನಗೆ ಗೊತ್ತಿತ್ತು. ಆದರೆ ಉಷ್ಣ, ಥಂಡಿ ಎಂಬ ಮಾತು ನಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದು, ಹಾರ್ಮೋನು ನಿನ್ನೆ ಮೊನ್ನೆ ಕಿವಿಗೆ ಬಿದ್ದದ್ದು.

ಆಮೇಲೆ ಬೇಸಿಗೆ ಬಂತು, ಅಕ್ಕ ಸುಧಾರಿಸಿದಳು.

ಅದನ್ನು ಹೇಗೆ ಹೇಳಲಿ. ಆ ಮೇ ತಿಂಗಳಲ್ಲಿ ಆಳಂದದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ನಾನು ರಜೆ ಹಾಕಿ ಜೇವರ್ಗಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಹೊರಟೆ. ಬಸ್ಸು ಹತ್ತುವಾಗಲೇ ಆ ಕಂಡಕ್ಟರನಿಗೆ, ನಮ್ಮ ತಂಗಿಗಿ ಟಿಕೆಟ್ ಕೊಡಬ್ಯಾಡ್ರಿ, ಆಕಿ ಊರಿಗೆಲ್ಲಾ ಕೊಟ್ಟಾಳ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಬಹಳ ದಿನದ ಮೇಲೆ ಕೇಳಿದ ದನಿ ಅದು. ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವಾಗ ಶುರು ಮಾಡಿದ ಹಾಡನ್ನು ಒಂದು ಸಾಲೂ ಬಿಡದೆ ಕೊನೆಮುಟ್ಟಿಸಿದಳು. ಬೀಗರನ್ನು ಹೆಸರು ಹಿಡಿದು ಅಣಕಿಸಿದಳು. ಹೊಟ್ಟೆ ತುಂಬ ಉಂಡು, ಮಾಳಿಗೆ ಮೇಲೆ ಮಲಗಿ ಗೊರಕೆ ಹೊಡೆದಳು. ಬೆಳಿಗ್ಗೆ ನನ್ನ ತಲೆ ಬಾಚುತ್ತ ಕಿವಿಯಲ್ಲಿ ಹೇಳಿದಳು, ಮುಟ್ಟು ಮತ್ತೆ ಬಂದಿದೆಯಂತೆ. ಕೆಟ್ಟ ರಕ್ತ ಹೋದರೆ ಮೈ ಹಗುರ ಆಗ್ತದ, ಎಲ್ಲ ಸರಿ ಹೋಗಾಕತ್ತದ ಎಂದಳು. ನಾನೂ ಹಾಗೇ ತಿಳಿದೆ. ದಾರಿಯ ದೇವರಿಗೆಲ್ಲ ಕೈ ಮುಗಿದೆ.

ಮಳೆಗಾಲ ಬಂದ ಮೇಲೆ ಮತ್ತೆ ಹಳೇ ಪಾಡು. ಮರುಬೇಸಿಗೆಯಲ್ಲಿ ಮತ್ತೆ ನಗು. ಹೀಗೇ ವರ್ಷಗಳು ಹೋದವು. ಬೇಸಿಗೆಯ ಅಕ್ಕ ಬೇರೆ, ಮಳೆಗಾಲದ ಅಕ್ಕ ಬೇರೆ. ನಾನು ಬೇಸಿಗೆಯ ಅಕ್ಕನಿಗಾಗಿ ಕಾಯುತ್ತಿದ್ದೆ, ರಜೆಯನ್ನೆಲ್ಲ ಅವಳಿಗಾಗಿಯೇ ಉಳಿಸುತ್ತಿದ್ದೆ. ಲಗ್ನದ ಸುಗ್ಗಿಯಲ್ಲಿ ಉರಿಯುವ ಒಲೆಯ ಮುಂದೆ ಕೂತು ಬೀಸಣಿಗೆಯನ್ನೂ ಮುಟ್ಟದೆ ರೊಟ್ಟಿ ಬಡಿಯುವವಳನ್ನು ನೋಡಿ, ನಮ್ಮ ಅಕ್ಕನಿಗೆ ಬಿಸಿಲೇ ಔಷಧ ಎಂದು ಡಿಪೋದಲ್ಲಿ ಹೇಳಿಕೊಂಡು ತಿರುಗಿದೆ.

ಹಾಗೇ ಒಂದು ವರ್ಷ ನಾಗರಪಂಚಮಿ ಕಳೆದ ಮೇಲೆ ಅವಳಿಗೆ ಬೆನ್ನು ನೋವು ಹತ್ತಿತು. ಒಲೆ ಮುಂದೆ ಬಗ್ಗಿ ಕೂತು ಕೂತು ಬಂದದ್ದು ಎಂದುಕೊಂಡೆವು. ಹಿಟ್ಟಿನ ಪರಾತ ಎತ್ತಲಾರದಷ್ಟಾದಾಗ ಕಲಬುರಗಿಗೆ ಒಯ್ದೆವು. ಫೋಟೋ ತೆಗೆದರು, ರಕ್ತ ತೆಗೆದರು. ಬೆನ್ನೆಲುಬಿಗೆ ಬಂದಿತ್ತು.

ಡಾಕ್ಟರಮ್ಮ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಅಕ್ಕ ಹೌದೆಂದು ತಲೆ ಆಡಿಸಿದಳು. ದಿನಾಲೂನಾ ಎಂದು ಕೇಳಿದರು. ಅಕ್ಕ ಸೆರಗು ಸರಿಮಾಡಿಕೊಂಡು, ಕೇಳಿದ್ದಕ್ಕೆ ಉತ್ತರ ಕೊಡುವ ಶಾಲೆಯ ಹುಡುಗಿಯ ಹಾಗೆ ಹೇಳಿದಳು:

“ಒಂದಿನಾನೂ ತಪ್ಪಿಸಿಲ್ರಿ. ಬ್ಯಾಸಗಿ ಒಂದ್ ಬಿಟ್ಟು. ಹೋಳಿಹುಣ್ಣಿವಿ ಆದ ಕೂಡ್ಲೆ ಬಂದ್ ಮಾಡ್ತೇನಿ, ಕಾರಹುಣ್ಣಿವಿ ಆಗಿ ಮಳಿ ಬಿದ್ದ ಮ್ಯಾಲೆ ಮತ್ತ ಚಾಲೂ ಮಾಡ್ತೇನ್ರಿ.”

ಅವಳ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಬೇಸಿಗೆಯಲ್ಲಿ ನಾವು ತತ್ತಿ ಬಿಡುತ್ತೇವೆ, ಎಳ್ಳು ಬಿಡುತ್ತೇವೆ, ಬಾಣಂತಿಗೂ ಖಾರ ಕಡಿಮೆ ಮಾಡುತ್ತೇವೆ. ಉಷ್ಣದ ಪದಾರ್ಥವನ್ನು ಉಷ್ಣಕಾಲದಲ್ಲಿ ಬಿಡುವುದು ನಮ್ಮ ಮಟ್ಟಿಗೆ ಜಾಣತನ. ಅವಳು ಅದನ್ನೇ ಮಾಡಿದ್ದಳು. ಉಳಿದ ಗುಳಿಗೆ ಇದೆ, ಈ ತಿಂಗಳು ತರಬೇಡಿ ಎಂದು ಮಾಮಾಗೆ ಹೇಳಿದರೆ ಅವರು ಹೂಂ ಅಂದಿದ್ದರು. ಅವರಿಗೂ ಅದು ಸಹಜವೇ ಅನಿಸಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ದಸ್ತಿ ತೆಗೆದರೆ ಸೀಟು ಖಾಲಿ, ಖಾಲಿ ಸೀಟು ಯಾರು ಬಿಡುತ್ತಾರೆ ಎಂದು ಮೆಲ್ಲಗೆ ಅಂದರು. ಬೇಸಿಗೆ ಬೇಸಿಗೆಗೆ ಹಾರ್ಮೋನು ತನ್ನ ಜಾಗಗಳಿಗೆ ಮರಳುತ್ತಿತ್ತು, ತಲೆಗೆ ಹೋಗಿ ನಿದ್ದೆ ಕೊಟ್ಟಿತು, ಹಾಡು ಕೊಟ್ಟಿತು, ಗರ್ಭಚೀಲಕ್ಕೆ ಹೋಗಿ ಮುಟ್ಟು ತಂದಿತು, ಉಳಿದಿದ್ದ ಆ ಬೀಜಕ್ಕೂ ಹೋಯಿತು. ಅದಕ್ಕೇ ರೋಗ ಮರಳಿತು ಎಂದು ಖಾತ್ರಿ ಹೇಳಲಾಗದು, ದಿನಾಲೂ ನುಂಗಿದವರಿಗೂ ಬರುವುದಿದೆ ಎಂದೂ ಹೇಳಿದರು. ಆ ಮಾತು ನನಗೆ ಸಮಾಧಾನಕ್ಕೂ ಆಗಲಿಲ್ಲ, ಸಿಟ್ಟಿಗೂ ಆಗಲಿಲ್ಲ.

ಆದರೆ ಸಿಟ್ಟು ಎಲ್ಲಿ ಬಿಡುತ್ತದೆ. ದವಾಖಾನೆಯ ಹೊರಗೆ ಬೇವಿನ ಗಿಡದ ಕೆಳಗೆ ಅಕ್ಕನನ್ನು ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಹೋಗುವವರು ಬರುವವರು ನಿಂತು ನೋಡಿದರು. ಮರೆತಿದ್ದ ಆ ಮಾತು ಆಗ ನೆನಪಾಗಿ, ಸೆಕೆಗೆ ಮದ್ದಿದೆ ಎಂದಿದ್ದರಲ್ಲ, ಒಂದು ಮಾತು ಡಾಕ್ಟರಮ್ಮನಿಗೆ ಹೇಳಲಾಗಲಿಲ್ಲವೇ ಎಂದೆ. ಜೇವರ್ಗಿಯಿಂದ ಬಂದು ನನಗೆ ಸೆಕೆ ಆಗ್ತದ ಎಂದರೆ ನಗುವುದಿಲ್ಲವೇ ಎಂದು ಅಕ್ಕ ಕೇಳಿದಳು. ನಾನು ಮತ್ತೂ ಬೈದೆ. ಬೈದು ಬೈದು ನನ್ನ ಉಸಿರು ಕಟ್ಟಿದಾಗ ಅವಳು ಹೇಳಿದಳು:

“ನೀ ಬಸ್ಸಿನ್ಯಾಗ ಜಗಳಾಡಿ ಮನಿಗಿ ಹೋಗಿ ಫ್ಯಾನ್ ಹಚ್ಚಿ ಮಲಗ್ತಿ ಬೇ. ನನಗ ಹೊರಗೊಂದ್ ಒಲಿ, ಒಳಗೊಂದ್ ಒಲಿ. ಎರಡೂ ಕೂಡೇ ಉರದ್ರ ಎಲ್ಲಿಗಿ ಹೋಗ್ಲಿ? ಹೊರಗಿಂದು ಆರಿಸಿದ್ರ ಹೊಟ್ಟಿಗಿಲ್ಲ. ಅದಕ್ಕ ಒಳಗಿಂದು ಆರಿಸಿದ್ದೆ.”

ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆವು. ಮಾಮಾ ಚಹಾ ತಂದುಕೊಟ್ಟು ಆಚೆ ಮುಖ ಮಾಡಿ ನಿಂತರು.

ಅಲ್ಲಿಂದ ಮುಂದೆ ಅಕ್ಕ ಒಂದು ದಿನವೂ ಔಷಧ ತಪ್ಪಿಸಲಿಲ್ಲ. ಅಂಡಾಶಯವನ್ನೇ ಮಲಗಿಸುವ ಸೂಜಿಯನ್ನು ತಿಂಗಳಿಗೊಮ್ಮೆ ಹೊಟ್ಟೆಗೆ ಕೊಟ್ಟರು, ಗುಳಿಗೆ ಬದಲಿಸಿದರು. ಮೊದಲಿನ ಸೆಕೆ ಇದರ ಮುಂದೆ ಏನೂ ಅಲ್ಲ. ಸೆಕೆಗೆಂದು ಇನ್ನೊಂದು ಗುಳಿಗೆಯೂ ಬಂತು, ಸ್ವಲ್ಪ ತಡೆಯಿತು. ಅದು ಇಷ್ಟು ಸಲೀಸಾಗಿ ಸಿಗುವುದು ನೋಡಿ ನನ್ನ ಹೊಟ್ಟೆ ಉರಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ನಾನು ರಜೆ ಇದ್ದಾಗಲೆಲ್ಲ ಹೋಗುತ್ತಿದ್ದೆ. ಅವಳ ಕುತ್ತಿಗೆಗೆ ಕೆಂಪು ಏರಿ ಬೆವರು ಒಡೆದರೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ, ಒಳಗೊಳಗೇ ಖುಷಿಪಡುತ್ತಿದ್ದೆ. ಸೆಕೆ ಇದೆ ಎಂದರೆ ಔಷಧ ನಡೆಯುತ್ತಿದೆ, ಔಷಧ ನಡೆಯುತ್ತಿದೆ ಎಂದರೆ ಅಕ್ಕ ಇರುತ್ತಾಳೆ. ನನ್ನ ಲೆಕ್ಕ ಇಷ್ಟೇ ಇತ್ತು. ಅವಳು ಎಲ್ಲರ ಹೆಸರು ಮರೆತಳು, ಒಮ್ಮೆ ಆಪಾಳ ಹೆಸರಿಗೂ ತಡವರಿಸಿದಳು. ಮರೆಯಲಿ ಎಂದುಕೊಂಡೆ. ನೆನಪು ಯಾರಿಗೆ ಬೇಕು, ಅವಳು ಇದ್ದರೆ ಸಾಕು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಅದೇ ವಾರ ಡಾಕ್ಟರಮ್ಮ ನನ್ನನ್ನೂ ಮಾಮಾನನ್ನೂ ಒಳಗೆ ಕರೆದು ರೋಗ ಪಿತ್ತಜನಕಾಂಗಕ್ಕೆ ಹೋಗಿದೆ, ಈ ಔಷಧಗಳನ್ನು ಅದು ಇನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದರು. ಮತ್ತೆ ಸಲೈನು ಹಾಕಿದರೆ ಅವಳ ಮೈ ತಾಳುವುದಿಲ್ಲ. ಸೂಜಿ ಬೇಡ, ಗುಳಿಗೆ ಬೇಡ, ನೋವಿಗೆ ಕೊಡುತ್ತೇನೆ, ಮನೆಯಲ್ಲಿ ಆರಾಮ ಇರಲಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕನಿಗೆ ಎಲ್ಲ ಹೇಳುವ ಎದೆ ನಮ್ಮಿಬ್ಬರಿಗೂ ಇರಲಿಲ್ಲ. ಸದ್ಯಕ್ಕೆ ಗುಳಿಗೆ ಬಿಡಬೇಕಂತೆ ಎಂದಷ್ಟೇ ಹೇಳಿದೆ. ಬ್ಯಾಸಗಿ ಬಂತಲ್ಲ, ಅದಕ್ಕೇ ಎಂದು ಅವಳೇ ಅಂದಳು. ನಾನು ಇಲ್ಲವೆನ್ನಲಿಲ್ಲ.

ಮೇ ತಿಂಗಳಲ್ಲಿ ರಜೆ ಹಾಕಿ ಜೇವರ್ಗಿಯಲ್ಲೇ ಉಳಿದೆ. ತಗಡಿನ ಮನೆ, ಮಧ್ಯಾಹ್ನ ಒಳಗೆ ಕೂರಲಾಗದು. ಅಕ್ಕನ ಕಣ್ಣು ಹಳದಿಯಾಗಿತ್ತು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿತ್ತು. ಆದರೆ ದನಿ ಮರಳಿತ್ತು. ಆಪಾ ಬಂದರೆ ಹೆಸರು ಹಿಡಿದು ಕರೆದಳು. ಆಳಂದದ ಓಣಿಯ ಒಬ್ಬೊಬ್ಬರನ್ನೇ ಎತ್ತಿಕೊಂಡು ಕತೆ ಹೇಳಿದಳು. ನಾನು ಬಡಿದ ರೊಟ್ಟಿ ನೋಡಿ, ಇದನ್ನ ಬಸ್ಸಿನ ಗಾಲಿಗಿ ಹಾಕು, ಪಂಚರ್ ಆಗೂದಿಲ್ಲ ಎಂದಳು. ಅರಿಷಿಣದ ಹಾಡು ಹೇಳು ಎಂದೆ. ಉಸಿರಿಗೆ ನಿಂತು ನಿಂತು, ಒಂದು ಸಾಲೂ ಬಿಡದೆ ಹೇಳಿದಳು. ನನ್ನ ರವಿಕೆ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಅವಳ ಹಣೆ ಮುಟ್ಟಿ ನೋಡಿದೆ. ಒಣಗಿತ್ತು.

“ಯಾಕ ಬೇ, ಸೆಕಿ ಆಗಾಕತ್ತದೇನ ನಿನಗ?” ಎಂದಳು. “ನೋಡು, ನನಗ ಏನೂ ಆಗವಲ್ದು.”

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಬೆವರು ಒರೆಸಿಕೊಳ್ಳುತ್ತಿದ್ದೇನೆ ಎಂದು ತಿಳಿಯಲಿ ಎಂದು. ಅವಳಿಗೆ ಬೇರೆಯೇ ಅನಿಸಿತೇನೋ, ನನ್ನ ಮೊಣಕಾಲು ಸವರಿದಳು.

“ಸಿಟ್ಟಿಗೇಳಬ್ಯಾಡ. ಈ ಸಲ ನಾನಾಗೇ ಬಿಟ್ಟಿಲ್ಲ, ಡಾಕ್ಟರಮ್ಮನೇ ಬಿಡು ಅಂದಾರ. ಕಾರಹುಣ್ಣಿವಿ ಆಗ್ಲಿ, ಮತ್ತ ಚಾಲೂ ಮಾಡ್ತೇನಿ.”

ಬಸ್ಸಿನಲ್ಲಿ ಯಾರ ಮುಂದೂ ಸೋಲದ ಬಾಯಿ ನನ್ನದು. ಹೂಂ ಅಂದೆ.

ಕಾರಹುಣ್ಣಿಮೆಗೆ ಇನ್ನೂ ಒಂದು ವಾರ ಇರುವಾಗ ಅಕ್ಕ ಹೋದಳು.